ಬಿಲ್ಲಿನ ಕೆಳಗಿನ ಆ ಒಂದು ಸಾಲು

ನಮಸ್ಕಾರ ಅಕ್ಕಾ,

ಅರಸೀಕೆರೆಯಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗಾಗಿ ನಿಮ್ಮ ಕಷ್ಟವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮನೆಯಲ್ಲೇ ಬ್ಲೌಸ್ ಹೊಲಿದು ಸಂಸಾರ ನಡೆಸುವ ನೀವು, ತುಮಕೂರಿನ ಅಂಗಡಿಯೊಂದರಲ್ಲಿ 14,500 ರೂಪಾಯಿ ಕೊಟ್ಟು ಮೋಟಾರ್ ಇರುವ ಹೊಲಿಗೆ ಮಿಷನ್ ತಂದಿರಿ. ನಾಲ್ಕನೇ ದಿನಕ್ಕೇ ಹೊಲಿಗೆ ಬಿಟ್ಟು ಬಿಟ್ಟು ಬೀಳತೊಡಗಿತು. ರೈಲಿನಲ್ಲಿ ಎರಡು ಸಲ ಹೊತ್ತುಕೊಂಡು ಹೋದಿರಿ. ಮೊದಲ ಸಲ ಮಿಷನ್ನಿನಲ್ಲಿ ಏನೋ ತಿರುಗಿಸಿ ಕೊಟ್ಟರು. ಎರಡನೇ ಸಲ, ಅಂದರೆ 12ನೇ ದಿನ, ಬಿಲ್ಲಿನ ಕೆಳಗಿನ ಸಾಲು ತೋರಿಸಿದರು: 'ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ.' ಸಾಲದ್ದಕ್ಕೆ, 'ನೀವು ಇದರಿಂದ ದುಡಿಯುತ್ತೀರಿ, ಗ್ರಾಹಕರ ಕಾನೂನು ನಿಮಗೆ ಬರೋಲ್ಲ' ಎಂದರಂತೆ.

ಎರಡೂ ಮಾತು ತಪ್ಪು.

2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ದೋಷ ಇರುವ ಮಾಲನ್ನು ವಾಪಸ್ ಪಡೆದು ದುಡ್ಡು ಕೊಡಲು ಒಪ್ಪದಿರುವುದೇ ಅದರ ಪ್ರಕಾರ ಅನ್ಯಾಯದ ವ್ಯಾಪಾರ. ಬಿಲ್ಲಿನಲ್ಲಿ ಇಂತಿಷ್ಟು ದಿನ ಎಂದು ಬರೆದಿದ್ದರೆ ಆ ಅವಧಿಯೊಳಗೆ, ಇಲ್ಲದಿದ್ದರೆ 30 ದಿನದೊಳಗೆ ದುಡ್ಡು ಹಿಂತಿರುಗಿಸಬೇಕು. ನೀವು ಸಮಯಕ್ಕೆ ಸರಿಯಾಗಿಯೇ ಕೇಳಿದ್ದೀರಿ. ಅಂಗಡಿಯವರು ಅಚ್ಚು ಹಾಕಿಸಿಕೊಂಡ ಒಂದು ಸಾಲು ಕಾನೂನನ್ನು ಅಳಿಸುವುದಿಲ್ಲ.

ದುಡಿಮೆಯ ಮಾತಂತೂ ನನಗೆ ಬಹಳ ನೋವು ತಂದಿತು. ನನ್ನ ತಾಯಿಯೂ ಹೊಲಿಯುತ್ತಿದ್ದರು. ಮಿಷನ್ ನಿಂತರೆ ಮನೆಗೆ ದುಡ್ಡು ಬರುವುದೂ ನಿಲ್ಲುತ್ತಿತ್ತು. ವ್ಯಾಪಾರಕ್ಕೆಂದು ಕೊಂಡವರು ಗ್ರಾಹಕರಲ್ಲ ಎಂದು ಕಾಯ್ದೆ ಹೇಳುವುದು ನಿಜ. ಆದರೆ ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲು ಕೊಂಡು, ತಾವೇ ಬಳಸುವವರನ್ನು ಅದು ಗ್ರಾಹಕರೆಂದೇ ಎಣಿಸುತ್ತದೆ. ನೀವು ಕೂತು ನೀವೇ ಹೊಲಿಯುತ್ತೀರಿ ಅಲ್ವಾ? ಅಷ್ಟು ಸಾಕು.

ಇಲ್ಲಿ ಒಂದು ಮಾತು ಎಲ್ಲರಿಗೂ ಹೇಳಬೇಕು. ಇದೆಲ್ಲ ದೋಷ ಇರುವ ಮಾಲಿಗೆ ಮಾತ್ರ. ಮನೆಗೆ ತಂದ ಮೇಲೆ ಸೀರೆಯ ಬಣ್ಣ ಹಿಡಿಸಲಿಲ್ಲ ಎಂದರೆ ಅಂಗಡಿಯವರು ಬದಲಾಯಿಸಿ ಕೊಡುವುದು ಅವರ ಒಳ್ಳೆಯತನ. ಬಲವಂತ ಮಾಡಲು ಬರುವುದಿಲ್ಲ.

ಈಗ ನೀವು ಮಾಡಬೇಕಾದ್ದು. ಊರಿನ ರಿಪೇರಿಯವರ ಕೈಗೆ ಮಿಷನ್ ಕೊಡಬೇಡಿ. ಬಿಚ್ಚಿದರೆ 'ನೀವೇ ಕೆಡಿಸಿದ್ದು' ಎನ್ನುತ್ತಾರೆ. ಬಟ್ಟೆ ಇಟ್ಟು ಹೊಲಿದು, ಹೊಲಿಗೆ ತಪ್ಪುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ. ಬಿಲ್, ವಾರಂಟಿ ಕಾರ್ಡ್, ರೈಲು ಟಿಕೆಟ್ ಎಲ್ಲ ಒಂದು ಕಡೆ ಇಡಿ. ಆಮೇಲೆ ಅಂಗಡಿಗೂ ಕಂಪನಿಗೂ ಒಂದೊಂದು ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಹದಿನೈದು ದಿನ ಗಡುವು ಕೊಡಿ, ರಸೀದಿ ಜೋಪಾನ. ಬಾಯಿಮಾತಿನಲ್ಲಿ ಎಷ್ಟು ಜಗಳ ಆಡಿದರೂ ನಾಳೆ ತೋರಿಸಲು ಏನೂ ಉಳಿಯುವುದಿಲ್ಲ.

ಈ ಮಧ್ಯೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ಆದರೆ ಕಂಪನಿಯ ಜೊತೆ ಮಾತಾಡಿ ಬಗೆಹರಿಸಲು ನೋಡುತ್ತಾರೆ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ದೂರು ಕೇಳಿ ತೀರ್ಪು ಕೊಡುವುದು ಅಲ್ಲಿ. ಇದಕ್ಕಾಗಿ ತುಮಕೂರಿಗೆ ಅಲೆಯಬೇಕಿಲ್ಲ. ನೀವು ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ಹಾಸನದಲ್ಲೇ ದೂರು ಕೊಡಬಹುದು. ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಐದು ಲಕ್ಷದವರೆಗಿನ ಮಾಲಿಗೆ ಶುಲ್ಕ ಇಲ್ಲ. ವಕೀಲರು ಬೇಕೆಂದೇನಿಲ್ಲ, ನೀವೇ ನಿಂತು ಹೇಳಬಹುದು. ದೂರಿಗೆ ಎರಡು ವರ್ಷ ಸಮಯವಿದೆ. ಮೂರು ತಿಂಗಳಲ್ಲಿ, ಮಾಲನ್ನು ಪರೀಕ್ಷೆ ಮಾಡಿಸಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ನೋಡಬೇಕು ಎಂದು ಕಾಯ್ದೆ ಹೇಳುತ್ತದೆ. ಜಾಸ್ತಿ ದಿನವೂ ಹಿಡಿಯಬಹುದು, ಸುಮ್ನೆ ಆಸೆ ಹುಟ್ಟಿಸಲಾರೆ. ಆದರೆ ದುಡ್ಡಿನ ಜೊತೆ, ಕೆಲಸ ನಿಂತು ಆದ ನಷ್ಟವನ್ನೂ ಅಲ್ಲಿ ಕೇಳಬಹುದು. ಹೊಲಿಯಲಾಗದೆ ಗಿರಾಕಿಗಳಿಗೆ ವಾಪಸ್ ಕೊಟ್ಟ ಬ್ಲೌಸ್‌ಗಳ ಲೆಕ್ಕ ಈಗಲೇ ಬರೆದಿಡಿ.

ಅಂಗಡಿಗೆ ಬರೆಯುವ ಪತ್ರದ ಕರಡನ್ನು ನಿಮ್ಮ ವಿಳಾಸಕ್ಕೆ ಕಳಿಸಿದ್ದೇನೆ. ತಾರೀಕು, ಬಿಲ್ ನಂಬರ್ ತುಂಬಿ ಸಹಿ ಹಾಕಿ.

– ಸಂಪಾದಕ