ಯಂತ್ರ-ತಂತ್ರ: ಹಳೆಯ ಪಲ್ಪರಿನ ಗಿಯರ್ ಮತ್ತು ಕಂಪ್ಯೂಟರಿನ ನಕ್ಷೆ

ಪ್ರಶ್ನೆ: ನಮ್ಮ ತೋಟದಲ್ಲಿ ಅಜ್ಜನ ಕಾಲದ ಬ್ರಿಟಿಷ್ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಒಂದಿದೆ. ಅದರ ಚಿಕ್ಕ ಗಿಯರಿನ 20 ಹಲ್ಲುಗಳ ಪೈಕಿ ಮೂರು ಮುರಿದಿವೆ. ಮಗ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಎಸ್‌ಟಿಎಲ್ ಫೈಲ್ ತಯಾರಿಸಿದ. ಮೈಸೂರಿನ ವರ್ಕ್‌ಶಾಪಿನವರು ಅದರಿಂದ ಪ್ರಯೋಜನವಿಲ್ಲ, ಡ್ರಾಯಿಂಗ್ ಕೊಡಿ ಎಂದರು. ಹೊರವ್ಯಾಸ ಸುಮಾರು 93.1 ಮಿ.ಮೀ. ಇದೆ. ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) ನಾಲ್ಕೂಕಾಲು ಇರಬಹುದೆಂದು ಅವರ ಊಹೆ. ಅದರಂತೆಯೇ ಮಾಡಿಸಬಹುದೇ? (ಕಾಫಿ ಬೆಳೆಗಾರರು, ಸೋಮವಾರಪೇಟೆ)

ಉತ್ತರ: ದಯವಿಟ್ಟು ಮಾಡಿಸಬೇಡಿ. ಸ್ಕ್ಯಾನ್ ಮಾಡಿದಾಗ ದೊರೆಯುವ ಎಸ್‌ಟಿಎಲ್ ಫೈಲಿನಲ್ಲಿ ವಸ್ತುವಿನ ಮೇಲ್ಮೈ ಸಾವಿರಾರು ಸಣ್ಣ ತ್ರಿಕೋನಗಳಾಗಿ ದಾಖಲಾಗಿರುತ್ತದೆಯೇ ಹೊರತು, ಇದು ವೃತ್ತ, ಇದು ಹಲ್ಲಿನ ಇನ್ವಾಲ್ಯೂಟ್ ವಕ್ರರೇಖೆ, ಇದು ಶಾಫ್ಟ್ ಕೂರುವ ರಂಧ್ರ ಎಂಬ ಯಾವ ತಿಳಿವಳಿಕೆಯೂ ಅದರಲ್ಲಿರುವುದಿಲ್ಲ. ಜೊತೆಗೆ ಹಲವು ದಶಕಗಳ ಸವೆತವೂ ಹಾಗೆಯೇ ನಕಲಾಗಿರುತ್ತದೆ. ಗಿಯರನ್ನು ನಕಲು ಮಾಡುವುದೆಂದರೆ ಅದರ ಈಗಿನ ಆಕಾರವನ್ನು ಹಿಡಿಯುವುದಲ್ಲ, ಮೊದಲು ಅದನ್ನು ಕತ್ತರಿಸಿದವನು ಇಟ್ಟುಕೊಂಡಿದ್ದ ಲೆಕ್ಕವನ್ನು ಕಂಡುಹಿಡಿಯುವುದು.

ಆ ಲೆಕ್ಕ ಕಷ್ಟದ್ದಲ್ಲ. ಸಾಮಾನ್ಯ ನೇರಹಲ್ಲಿನ ಗಿಯರಿನಲ್ಲಿ ಹೊರವ್ಯಾಸವನ್ನು ಹಲ್ಲುಗಳ ಸಂಖ್ಯೆಗೆ ಎರಡು ಕೂಡಿಸಿ ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ. ನಿಮ್ಮ 93.1ನ್ನು 22ರಿಂದ ಭಾಗಿಸಿದರೆ 4.23 ಬರುತ್ತದೆ. ಮೆಟ್ರಿಕ್ ಪದ್ಧತಿಯಲ್ಲಿ ಬಳಕೆಯಲ್ಲಿರುವ ಮಾಡ್ಯೂಲ್‌ಗಳು 4, 4.5, 5 ಹೀಗೆ ಸಾಗುತ್ತವೆ, 4.23 ಅಲ್ಲಿಲ್ಲ. ಆದರೆ 25.4ನ್ನು ಈ 4.23ರಿಂದ ಭಾಗಿಸಿ ನೋಡಿ, ಸರಿಯಾಗಿ 6 ಬರುತ್ತದೆ. ಅಂದರೆ ನಿಮ್ಮದು ಇಂಚಿನ ಲೆಕ್ಕದ ಗಿಯರ್, ಅದರ ಡಯಾಮೆಟ್ರಲ್ ಪಿಚ್ (ವ್ಯಾಸದ ಪ್ರತಿ ಇಂಚಿಗೆ ಲೆಕ್ಕ ಹಾಕುವ ಹಲ್ಲುಗಳ ಸಂಖ್ಯೆ) 6. ಬ್ರಿಟನ್ನಿನಲ್ಲಿ ತಯಾರಾದ ಹಳೆಯ ಯಂತ್ರಗಳಲ್ಲಿ ಇದು ನಿರೀಕ್ಷಿತವೇ. ನಾಲ್ಕೂಕಾಲು ಮಾಡ್ಯೂಲಿಗೆ ಹೊರವ್ಯಾಸ 93.5 ಆಗುವುದರಿಂದ, ಸವೆದ ಗಿಯರನ್ನು ಅಳೆದವರಿಗೆ ಎರಡೂ ಒಂದೇ ಎನಿಸುವುದು ಸಹಜ. ವ್ಯತ್ಯಾಸ ತಿಳಿಯುವುದು ಜೋಡಿ ಗಿಯರಿನೊಡನೆ ಕೂಡಿಸಿದಾಗ. ದೊಡ್ಡ ಗಿಯರಿನಲ್ಲಿ 60 ಹಲ್ಲುಗಳಿವೆ ಎಂದುಕೊಳ್ಳೋಣ. ಆಗ ಎರಡು ಶಾಫ್ಟ್‌ಗಳ ನಡುವಿನ ಕೇಂದ್ರಾಂತರ ಇಂಚಿನ ಲೆಕ್ಕದಲ್ಲಿ 169.33 ಮಿ.ಮೀ., ನಾಲ್ಕೂಕಾಲು ಮಾಡ್ಯೂಲಿನ ಲೆಕ್ಕದಲ್ಲಿ 170 ಮಿ.ಮೀ. ಆಗುತ್ತದೆ. ಎರಕದ ಚೌಕಟ್ಟಿನಲ್ಲಿ ಕುಳಿತಿರುವ ಶಾಫ್ಟ್‌ಗಳು ಹೊಸ ಗಿಯರಿಗಾಗಿ ಪಕ್ಕಕ್ಕೆ ಸರಿಯುವುದಿಲ್ಲ. ಹಲ್ಲುಗಳು ಬಿಗಿದು, ಯಂತ್ರ ನರಳತೊಡಗುತ್ತದೆ. ಆದ್ದರಿಂದ ಮೊದಲು ಶಾಫ್ಟ್‌ಗಳ ನಡುವಿನ ಅಂತರವನ್ನು ಅಳೆದು ಈ ಲೆಕ್ಕವನ್ನು ತಾಳೆ ನೋಡಿ.

ಇನ್ನೊಂದು ಸಂಗತಿ ಉಳಿದಿದೆ. ಹಳೆಯ ಗಿಯರುಗಳಲ್ಲಿ ಹಲ್ಲಿನ ಒತ್ತಡಕೋನ (ಹಲ್ಲಿನ ಪಕ್ಕದ ಓರೆಯನ್ನು ಹೇಳುವ ಕೋನ) ಹಲವೊಮ್ಮೆ 14.5 ಡಿಗ್ರಿ ಇರುತ್ತದೆ, ಈಗಿನವುಗಳಲ್ಲಿ ಸಾಮಾನ್ಯವಾಗಿ 20 ಡಿಗ್ರಿ. ಕಣ್ಣಳತೆಯಲ್ಲಿ ಇದನ್ನು ಹೇಳಲಾಗದು, ಆದರೆ ವರ್ನಿಯರ್ ಕ್ಯಾಲಿಪರ್ ಹೇಳುತ್ತದೆ. ಮುರಿಯದ ಭಾಗದಲ್ಲಿ ಅಕ್ಕಪಕ್ಕದ ಎರಡು ಹಲ್ಲುಗಳನ್ನು ಕ್ಯಾಲಿಪರಿನ ದವಡೆಗಳ ನಡುವೆ ಹಿಡಿದು ಅಳೆಯಿರಿ. ಬಳಿಕ ಮೂರು ಹಲ್ಲುಗಳನ್ನು ಹಿಡಿದು ಅಳೆಯಿರಿ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಉಳಿಯುವ ಅಂಕಿ 12.88ರ ಆಸುಪಾಸಿನಲ್ಲಿದ್ದರೆ ಕೋನ 14.5 ಡಿಗ್ರಿ, 12.50ರ ಆಸುಪಾಸಿನಲ್ಲಿದ್ದರೆ 20 ಡಿಗ್ರಿ. ಹಳೆಯ ಪಲ್ಪರುಗಳ ಗಿಯರ್ ಹಲ್ಲುಗಳು ಕತ್ತರಿಸಿದವಾಗಿರದೆ ನೇರವಾಗಿ ಎರಕ ಹೊಯ್ದವೂ ಆಗಿರಬಹುದಾದ್ದರಿಂದ, ಒಂದೇ ಕಡೆಯ ಅಳತೆಯನ್ನು ನಂಬದೆ ಸುತ್ತಲೂ ನಾಲ್ಕಾರು ಕಡೆ ಅಳೆದು ಸರಾಸರಿ ತೆಗೆಯುವುದು ಕ್ಷೇಮ.

ಇಷ್ಟು ಗೊತ್ತಾದರೆ ಕ್ಯಾಡ್ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದು, ಅರ್ಧ ಗಂಟೆಯದು. ಹಲ್ಲುಗಳ ಸಂಖ್ಯೆ, ಪಿಚ್, ಕೋನ ಈ ಮೂರನ್ನು ಕೊಟ್ಟರೆ ತಂತ್ರಾಂಶವೇ ಹಲ್ಲಿನ ರೇಖೆಯನ್ನು ಬರೆಯುತ್ತದೆ. ರಂಧ್ರದ ಅಳತೆ, ಕೀಲಿಗಾಡಿ (ಶಾಫ್ಟಿಗೆ ಬಿಗಿಯುವ ಕೀಲಿ ಕೂರುವ ಸೀಳು) ಮತ್ತು ದಪ್ಪವನ್ನು ನೀವು ಸೇರಿಸಬೇಕು. ಒಂದೇ ಗಿಯರ್ ಬೇಕಾಗಿರುವುದರಿಂದ, ವಿದ್ಯುತ್ ಹರಿಯುವ ತೆಳು ತಂತಿಯಿಂದ ಲೋಹ ಕತ್ತರಿಸುವ ವೈರ್‌ಕಟ್ ಯಂತ್ರದಲ್ಲಿ ಕತ್ತರಿಸುವುದು ಸುಲಭ, ಅದಕ್ಕೆ ಹಲ್ಲಿನ ರೇಖೆಯ ಡಿಎಕ್ಸ್‌ಎಫ್ ಫೈಲ್ ಸಾಕು. ವೈರ್‌ಕಟ್ ಸಿಗದಿದ್ದರೂ ಕೈ ಚೆಲ್ಲಬೇಕಿಲ್ಲ. ಕೋನ 14.5 ಡಿಗ್ರಿಯೋ 20 ಡಿಗ್ರಿಯೋ ಅದಕ್ಕೆ ತಕ್ಕ, 6 ಪಿಚ್ಚಿನ, 17ರಿಂದ 20 ಹಲ್ಲುಗಳಿಗೆಂದು ಬರುವ ಆರನೆಯ ನಂಬರಿನ ಕಟರ್ ಇರುವ ಸಾಧಾರಣ ಮಿಲ್ಲಿಂಗ್ ಯಂತ್ರದಲ್ಲೂ ಇದಾಗುತ್ತದೆ. ಹಿಡಿಕೆ 40 ಸುತ್ತು ತಿರುಗಿದಾಗ ಗಿಯರನ್ನು ಒಂದು ಸುತ್ತು ತಿರುಗಿಸುವ ಡಿವೈಡಿಂಗ್ ಹೆಡ್ಡಿನ ಹಿಡಿಕೆಯನ್ನು ಪ್ರತಿ ಹಲ್ಲಿಗೂ ಸರಿಯಾಗಿ ಎರಡು ಸುತ್ತು ತಿರುಗಿಸಿದರಾಯಿತು, ಕಂಪ್ಯೂಟರಿನ ಹಂಗೇ ಬೇಡ. ಲೋಹದ ವಿಷಯದಲ್ಲಿ ಒಂದು ಎಚ್ಚರಿಕೆ. ಎರಕದ ಕಬ್ಬಿಣದ ಬದಲು ಇಎನ್8 ಉಕ್ಕಿನಲ್ಲಿ ಮಾಡಿಸಿದರೆ ಚಿಕ್ಕ ಗಿಯರ್ ಗಟ್ಟಿಯಾಗುತ್ತದೆ ನಿಜ, ಆದರೆ ಹಣ್ಣಿನ ಜೊತೆ ಕಲ್ಲು ನುಗ್ಗಿದಾಗ ಮುರಿಯುವ ಸರದಿ ದೊಡ್ಡ ಗಿಯರಿನದಾಗಬಹುದು. ನಾನಾದರೆ ಇಎನ್8ನ್ನೇ ಆರಿಸಿ, ಚಾಲಕ ಪುಲ್ಲಿಯಲ್ಲಿ ಸುಲಭವಾಗಿ ತುಂಡಾಗುವ ಒಂದು ಮೆತ್ತನೆಯ ಪಿನ್ ಇಡುತ್ತೇನೆ. ಅರೇಬಿಕಾ ಕೊಯ್ಲು ನವೆಂಬರಿನ ಹೊತ್ತಿಗೆ ಶುರುವಾಗುವುದರಿಂದ ಈ ಕೆಲಸವನ್ನೆಲ್ಲ ಮಳೆಗಾಲದಲ್ಲೇ ಮುಗಿಸಿಕೊಳ್ಳಿ.

ಪ್ರಶ್ನೆ: ಕಳೆ ಕತ್ತರಿಸುವ ಯಂತ್ರವೊಂದಕ್ಕೆ 200 ಮಿ.ಮೀ. ಉದ್ದದ ಅಲ್ಯೂಮಿನಿಯಂ ಬೇರಿಂಗ್ ಹೌಸಿಂಗ್ ವಿನ್ಯಾಸ ಮಾಡಿ, ನಿಖರವಾಗಿರಲೆಂದು ಎಲ್ಲ ಅಳತೆಗಳಿಗೂ ±0.01 ಮಿ.ಮೀ. ಎಂದು ಬರೆದೆ. ಬಂದ ದರಪಟ್ಟಿ ನೋಡಿ ದಿಗಿಲಾಯಿತು. ಒಳಗಿನ ಚೌಕಾಕಾರದ ಗುಳಿಯ ಮೂಲೆಗಳನ್ನು ಮಾಡಲಾಗದು ಎಂದೂ ಹೇಳಿದರು. ತಪ್ಪು ಎಲ್ಲಿದೆ? (ಎಂಜಿನಿಯರಿಂಗ್ ವಿದ್ಯಾರ್ಥಿ, ಪೊನ್ನಂಪೇಟೆ)

ಉತ್ತರ: ದರಪಟ್ಟಿ ಕೊಟ್ಟವರ ಮೇಲೆ ಸಿಟ್ಟಾಗಬೇಡಿ, ನೀವು ಕೇಳಿದ್ದಕ್ಕೆ ಅವರು ಬೆಲೆ ಹೇಳಿದ್ದಾರೆ. ಅಲ್ಯೂಮಿನಿಯಂ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಅಳತೆಗಳಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಆಧಾರ ಉಷ್ಣತೆ 20 ಡಿಗ್ರಿ. ಬೇಸಿಗೆಯಲ್ಲಿ 32 ಡಿಗ್ರಿ ಇರುವ ಶೆಡ್ಡಿನಲ್ಲಿ ನಿಮ್ಮ 200 ಮಿ.ಮೀ. ತುಂಡು ತಾನಾಗಿಯೇ 0.055 ಮಿ.ಮೀ. ಉದ್ದವಾಗಿರುತ್ತದೆ. ನೀವು ಅನುಮತಿಸಿದ ವ್ಯತ್ಯಾಸದ ಐದು ಪಟ್ಟಿಗೂ ಹೆಚ್ಚು ಅದು. ಹವಾನಿಯಂತ್ರಿತ ಕೋಣೆಯಿಲ್ಲದೆ ಆ ಉದ್ದವನ್ನು ಖಾತರಿಯಾಗಿ ಅಳೆಯುವುದೂ ಸಾಧ್ಯವಿಲ್ಲದಿರುವಾಗ, ಮಾಡಿಕೊಡುವ ಮಾತು ದೂರವೇ ಉಳಿಯಿತು.

ಪ್ರತಿ ಅಳತೆಯ ಮುಂದೆಯೂ ಕುಳಿತು, ಇದು ಯಾವುದಕ್ಕೆ ತಾಗುತ್ತದೆ ಎಂದು ಕೇಳಿಕೊಳ್ಳಿ. ನೀವು ಬಳಸಿರುವ 6205 ಬೇರಿಂಗಿನ ಹೊರವ್ಯಾಸ 52 ಮಿ.ಮೀ.; ಅದು ಕೂರುವ ರಂಧ್ರಕ್ಕೆ ಎಚ್7 (ಅನುಮತಿಸಿದ ವ್ಯತ್ಯಾಸದ ಸಂಕೇತ) ಎಂದು ಬರೆದರೆ 52.000ರಿಂದ 52.030ರ ತನಕ ಅವಕಾಶ. ಒಳಗೆ ತಿರುಗುವ 25 ಮಿ.ಮೀ. ಶಾಫ್ಟಿಗೆ ಕೆ6 ಕೊಟ್ಟರೆ 25.002ರಿಂದ 25.015. ಈ ಎರಡರಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ. ಯಾವುದಕ್ಕೂ ತಾಗದ ಹೊರಮೈಗೆ, ಬೋಲ್ಟ್ ಕಿವಿಗಳ ದಪ್ಪಕ್ಕೆ, ಒಟ್ಟು ಉದ್ದಕ್ಕೆ ಐಎಸ್ಒ 2768ರ (ಸಾಮಾನ್ಯ ಅಳತೆಗಳ ವ್ಯತ್ಯಾಸದ ಅಂತರರಾಷ್ಟ್ರೀಯ ಮಾನಕ) ಮಧ್ಯಮ ದರ್ಜೆ ಎಂದು ಡ್ರಾಯಿಂಗಿನ ಮೂಲೆಯಲ್ಲಿ ಒಂದು ಸಾಲು ಬರೆದರೆ ಸಾಕು. ಆಗ 200 ಮಿ.ಮೀ. ಅಳತೆಗೆ ±0.5 ಮಿ.ಮೀ. ಅವಕಾಶ ದೊರೆಯುತ್ತದೆ, ದರವೂ ನೆಲಕ್ಕಿಳಿಯುತ್ತದೆ.

ಮೂಲೆಯ ವಿಷಯ ಇನ್ನೂ ಸರಳ. ಮಿಲ್ಲಿಂಗ್ ಕಟರ್ ದುಂಡಗೆ ತಿರುಗುವ ಹತಾರ, ಆದ್ದರಿಂದ ಗುಳಿಯ ಒಳಮೂಲೆಯಲ್ಲಿ ಅದರ ತ್ರಿಜ್ಯದಷ್ಟು ದುಂಡು ಉಳಿದೇ ಉಳಿಯುತ್ತದೆ. 10 ಮಿ.ಮೀ. ಕಟರ್ ಬಳಸುವುದಾದರೆ ಮೂಲೆಗೆ 5ರ ಬದಲು 6 ಮಿ.ಮೀ. ತ್ರಿಜ್ಯ ಕೊಡಿ, ಕಟರ್ ಮೂಲೆಯಲ್ಲಿ ತಡೆದು ನಿಂತು ಕಿರುಗುಟ್ಟದೆ ನಯವಾಗಿ ತಿರುಗಿಕೊಂಡು ಹೋಗುತ್ತದೆ. ಗುಳಿಯ ಆಳ ಕಟರಿನ ವ್ಯಾಸದ ನಾಲ್ಕು ಪಟ್ಟು ಮೀರದಂತೆಯೂ ನೋಡಿಕೊಳ್ಳಿ.

ಪ್ರಶ್ನೆ: ಮರದ ಕೆತ್ತನೆಗೆಂದು, ಕಂಪ್ಯೂಟರಿನ ಆದೇಶದಂತೆ ಕಟರನ್ನು ನಡೆಸುವ, ಜಿಆರ್‌ಬಿಎಲ್ ನಿಯಂತ್ರಕವಿರುವ ಸಣ್ಣ ಸಿಎನ್‌ಸಿ ರೌಟರ್ ಕೊಂಡಿದ್ದೇನೆ. ಬೆಂಗಳೂರಿನ ಸ್ನೇಹಿತರೊಬ್ಬರು ತಮ್ಮ ಕಾರ್ಖಾನೆಯ ಯಂತ್ರಕ್ಕೆ ಬರೆದ ಜಿ-ಕೋಡ್ (ಯಂತ್ರಕ್ಕೆ ಕೊಡುವ ಆದೇಶಗಳ ಪಟ್ಟಿ) ಕಳಿಸಿದ್ದಾರೆ. ಹಾಗೆಯೇ ಓಡಿಸಬಹುದೇ? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುವುದಕ್ಕೆ ಹೊತ್ತುಗೊತ್ತಿಲ್ಲ, ಅದಕ್ಕೇನು ಉಪಾಯ? (ವಿರಾಜಪೇಟೆ)

ಉತ್ತರ: ಓಡಿಸಬೇಡಿ. ಜಿ1 ಎಂದರೆ ನೇರ ಚಲನೆ, ಜಿ2 ಮತ್ತು ಜಿ3 ಎಂದರೆ ಕಮಾನು ಎನ್ನುವಷ್ಟರ ಮಟ್ಟಿಗೆ ಭಾಷೆ ಎಲ್ಲೆಡೆ ಒಂದೇ. ಅದರಾಚೆ ಪ್ರತಿ ನಿಯಂತ್ರಕಕ್ಕೂ ಅದರದೇ ನಡವಳಿಕೆ. ಕಾರ್ಖಾನೆಯ ಯಂತ್ರಕ್ಕೆ ಜಿ81 ಎಂದರೆ ರಂಧ್ರ ಕೊರೆಯುವ ಸಿದ್ಧ ಆವರ್ತ. ಜಿಆರ್‌ಬಿಎಲ್‌ಗೆ ಅದು ಗೊತ್ತಿಲ್ಲ. ಕಟರಿನ ತ್ರಿಜ್ಯವನ್ನು ಸರಿದೂಗಿಸುವ ಜಿ41, ಜಿ42 ಕೂಡ ಗೊತ್ತಿಲ್ಲ. ಸ್ನೇಹಿತರಿಂದ ಜಿ-ಕೋಡಿನ ಬದಲು ಮೂಲ ಕ್ಯಾಮ್ ಫೈಲನ್ನೇ (ಕಟರಿನ ದಾರಿಯನ್ನು ನಿಗದಿಪಡಿಸುವ ತಂತ್ರಾಂಶದ ಫೈಲ್) ತರಿಸಿಕೊಂಡು, ನಿಮ್ಮ ಯಂತ್ರದ ಪೋಸ್ಟ್-ಪ್ರೊಸೆಸರ್ (ಆ ದಾರಿಯನ್ನು ಯಂತ್ರಕ್ಕೆ ತಕ್ಕ ಕೋಡಾಗಿಸುವ ಭಾಗ) ಆರಿಸಿ ಹೊಸದಾಗಿ ಕೋಡ್ ಪಡೆಯಿರಿ. ಮೊದಲ ಸಾಲುಗಳಲ್ಲಿ ಮಿಲಿಮೀಟರ್ ಲೆಕ್ಕವೆಂದು ಹೇಳುವ ಜಿ21 ಇದೆಯೇ ಎಂದು ಕಣ್ಣಾರೆ ನೋಡಿ, ಏಕೆಂದರೆ ಅಲ್ಲಿ ಜಿ20 ಇದ್ದರೆ ಯಂತ್ರ ಮಿಲಿಮೀಟರುಗಳನ್ನು ಇಂಚುಗಳೆಂದು ತಿಳಿದು 25.4 ಪಟ್ಟು ದೂರ ಓಡುತ್ತದೆ. ಮೊದಲ ಬಾರಿ ಕಟರನ್ನು ಮರದಿಂದ ಸಾಕಷ್ಟು ಮೇಲೆತ್ತಿ ಗಾಳಿಯಲ್ಲೇ ಪೂರ್ತಿ ಓಡಿಸಿ ನೋಡಿ.

ಕರೆಂಟಿನ ಮಾತಿಗೆ ಬಂದರೆ, ಕಂಪ್ಯೂಟರನ್ನೂ ನಿಯಂತ್ರಕವನ್ನೂ ಮಾತ್ರ ಯುಪಿಎಸ್‌ಗೆ ಜೋಡಿಸುವುದು ಅನೇಕರು ಮಾಡುವ ಏರ್ಪಾಡು, ಮತ್ತು ಅದೇ ಅಪಾಯ. ಕರೆಂಟ್ ಹೋದಾಗ ಸ್ಪಿಂಡಲ್ ನಿಲ್ಲುತ್ತದೆ, ಅಕ್ಷಗಳು ಮಾತ್ರ ಚಲಿಸುತ್ತಲೇ ಇದ್ದು ನಿಂತ ಕಟರನ್ನು ಮರದೊಳಕ್ಕೆ ತಳ್ಳಿ ಮುರಿಯುತ್ತವೆ. ಒಂದೋ ಸ್ಪಿಂಡಲ್ಲನ್ನೂ ಅದೇ ಯುಪಿಎಸ್‌ಗೆ ಸೇರಿಸಿ, ಇಲ್ಲವೇ ಕರೆಂಟ್ ಹೋದೊಡನೆ ಫೀಡ್ ಹೋಲ್ಡ್ ಆಗುವಂತೆ (ಅಕ್ಷಗಳ ಚಲನೆ ತಡೆದು ನಿಲ್ಲುವಂತೆ) ಒಂದು ರಿಲೇ ಕಟ್ಟಿಸಿ. ಎರಡೂ ಆಗದಿದ್ದರೆ ಎಲ್ಲವೂ ಒಟ್ಟಿಗೆ ನಿಲ್ಲುವುದೇ ಮೇಲು. ಹಾಗೆ ನಿಂತ ಬಳಿಕ ಲಿಮಿಟ್ ಸ್ವಿಚ್ಚಿನ ಸಹಾಯದಿಂದ ಯಂತ್ರವನ್ನು ಮೂಲಸ್ಥಾನಕ್ಕೆ ಕಳಿಸದೆ ಕೆಲಸ ಮುಂದುವರಿಸಬೇಡಿ. ಸ್ಟೆಪರ್ ಮೋಟರಿಗೆ ತಾನೆಲ್ಲಿದ್ದೆ ಎಂಬ ನೆನಪಿರುವುದಿಲ್ಲ.

ಪ್ರಶ್ನೆ: ಡಿಪ್ಲೊಮಾ ಓದುತ್ತಿರುವ ಮಗಳಿಗೆ ಯಾವ ಕ್ಯಾಡ್ ತಂತ್ರಾಂಶದ ಕೋರ್ಸ್ ಕೊಡಿಸಲಿ? (ಕುಶಾಲನಗರ)

ಉತ್ತರ: ಹಣ ಕೊಡುವ ಮೊದಲು ಫ್ರೀಕ್ಯಾಡ್ ಹಾಕಿಕೊಡಿ. ಅದು ಉಚಿತ, 2024ರ ನವೆಂಬರಿನಲ್ಲಿ ಅದರ 1.0 ಆವೃತ್ತಿ ಬಂದಿದೆ, ಕ್ಯಾಮ್ ವಿಭಾಗವೂ ಅದರಲ್ಲೇ ಇದೆ. ಒಂದರಲ್ಲಿ ಕೈ ಪಳಗಿದವರಿಗೆ ಮತ್ತೊಂದು ಕಷ್ಟವಲ್ಲ. ಹಣ ಖರ್ಚು ಮಾಡುವುದಾದರೆ ಯಂತ್ರದ ಮುಂದೆ ನಿಲ್ಲಿಸುವ ತರಬೇತಿಗೆ ಮಾಡಿ. ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರದ ಮೈಸೂರು ಶಾಖೆಯಲ್ಲಿ ವಿಚಾರಿಸಬಹುದು. 10 ಮಿ.ಮೀ. ಹೈಸ್ಪೀಡ್ ಸ್ಟೀಲ್ ಕಟರಿನಿಂದ ಇಎನ್8 ಉಕ್ಕನ್ನು ಕತ್ತರಿಸಲು ನಿಮಿಷಕ್ಕೆ 25 ಮೀಟರ್ ವೇಗ ಹಿಡಿದರೆ ಸ್ಪಿಂಡಲ್ ಸುಮಾರು 800 ಸುತ್ತು ತಿರುಗಬೇಕು. ಕ್ಯಾಮ್ ಪರದೆಯಲ್ಲಿ 8000 ಎಂದು ಬರೆದರೂ ತಂತ್ರಾಂಶ ಚಕಾರವೆತ್ತದೆ ಒಪ್ಪಿಕೊಳ್ಳುತ್ತದೆ. ಆ ಸೊನ್ನೆ ಹೆಚ್ಚಾಯಿತೆಂದು ಕಟರಿನ ತುದಿ ಸುಟ್ಟು ನೀಲಿಯಾಗುವ ಮೊದಲೇ ಗೊತ್ತಾಗಬೇಕಾದರೆ ಕತ್ತರಿಸಿ ಬೀಳುವ ಲೋಹದ ಚೂರುಗಳ ಬಣ್ಣವನ್ನು ನೋಡಿ, ಸದ್ದನ್ನು ಕೇಳಿ ಅಭ್ಯಾಸವಿರಬೇಕು.

ಪ್ರಶ್ನೆ: ಹಳೆಯ ಹಲ್ಲರಿಗೆ (ಹೊಟ್ಟು ಬಿಡಿಸುವ ಯಂತ್ರ) ಅಂತರ್ಜಾಲದಿಂದ ಇಳಿಸಿಕೊಂಡ ಮಾದರಿಯಂತೆ ಅರ್ಧ ಇಂಚಿನ ನಟ್ ಮಾಡಿಸಿದೆ. ಎರಡು ಮೂರು ಸುತ್ತು ಹೋಗಿ ಬಿಗಿಯುತ್ತದೆ. (ಗೋಣಿಕೊಪ್ಪ)

ಉತ್ತರ: ನಿಮ್ಮ ಬೋಲ್ಟ್ ಬ್ರಿಟಿಷ್ ವಿಟ್‌ವರ್ತ್ ಮರೆಯದಾಗಿರಬೇಕು (ಮರೆ ಎಂದರೆ ತಿರುಪಿನ ಎಳೆ), ಇಂಚಿಗೆ 12 ಸುತ್ತು, ಕೋನ 55 ಡಿಗ್ರಿ. ಇಳಿಸಿಕೊಂಡ ಮಾದರಿ ಅಮೆರಿಕದ ಯುಎನ್‌ಸಿ ಆಗಿರಬೇಕು, ಇಂಚಿಗೆ 13 ಸುತ್ತು, ಕೋನ 60 ಡಿಗ್ರಿ. ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ, ಬೋಲ್ಟಿನ ಮರೆ ಹಾಳಾಗುತ್ತದೆ. ಪಿಚ್ ಗೇಜ್ ಇಟ್ಟು ಖಚಿತಪಡಿಸಿಕೊಂಡು, 10.5 ಮಿ.ಮೀ. ರಂಧ್ರ ಕೊರೆಸಿ ಅರ್ಧ ಇಂಚಿನ ವಿಟ್‌ವರ್ತ್ ಟ್ಯಾಪ್ ಹಾಕಿಸಿ.