ಯೂನಿವರ್ಸಿಟೀಲಿ ಸಿಲಬಸ್ ಬದಲಾಯಿಸೋದು ವಿಸಿ (ಕುಲಪತಿ) ಒಬ್ರೇನಾ, ಕಮಿಟಿಗಳು ಬರೀ ಹೆಸರಿಗಾ?

ಇಲ್ಲ, ವಿಸಿ ಒಬ್ರೇ ಕೂತು ಬದಲಾಯ್ಸಕ್ಕಾಗಲ್ಲ. ನಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳು ಬಹುಪಾಲು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಪ್ರಕಾರ ನಡೀತವೆ.

ಶುರುವಾಗೋದು ಬಿಓಎಸ್‌ನಲ್ಲಿ, ಅಂದ್ರೆ ಅಧ್ಯಯನ ಮಂಡಳಿ, ಪ್ರತಿ ವಿಷಯಕ್ಕೂ ಒಂದಿರತ್ತೆ, ಆ ವಿಷಯದ ಮೇಷ್ಟ್ರುಗಳು ಜೊತೆಗೆ ಹೊರಗಿನ ಯೂನಿವರ್ಸಿಟಿಯವರೂ ಇರ್ತಾರೆ. ನಿಜವಾದ ಜಗಳ ಇಲ್ಲೇ ನೋಡಿ. "ಮೂರನೇ ಯೂನಿಟ್ ಹೆವಿ ಆಯ್ತು, ಎರಡು ಚಾಪ್ಟರ್ ತೆಗೀರಿ" ಅಂತ ಒಬ್ರು, "ತೆಗೆದ್ರೆ ನಮ್ಮ ಕಾಲೇಜಲ್ಲಿ ವರ್ಕ್‌ಲೋಡ್ ಕಮ್ಮಿ ಆಗತ್ತೆ ಸಾರ್" ಅಂತ ಇನ್ನೊಬ್ರು. ಒಂದು ಪೇಪರ್ ಹೋದ್ರೆ ವಾರಕ್ಕೆ ನಾಲ್ಕು ಗಂಟೆ ಪಾಠ ಹೋಯ್ತು ಅಂತ ಲೆಕ್ಕ, ಅದು ಕೊನೆಗೆ ಯಾವ್ದೋ ಅತಿಥಿ ಉಪನ್ಯಾಸಕರ ಹೊಟ್ಟೆ ಮೇಲೇ ಬೀಳೋದು, ಹಾಗಾಗಿ ಹಳೇ ಪೇಪರ್‌ಗಳು ಅಷ್ಟು ಸುಲಭಕ್ಕೆ ಸಾಯಲ್ಲ. ಆಮೇಲೆ ಟೀ, ಟಿಎ ಡಿಎ (ಪ್ರಯಾಣ ಭತ್ಯೆ, ದಿನಭತ್ಯೆ) ಫಾರ್ಮ್‌ಗೆ ಸೈನು, ಸಭೆಯ ನಡವಳಿ ರೆಡಿ.

ಅದು ಡೀನ್ ಇರೋ ಫ್ಯಾಕಲ್ಟಿಗೆ, ಅಂದ್ರೆ ಕಲೆ, ವಿಜ್ಞಾನದ ಥರ ವಿಷಯಗಳ ಗುಂಪಿನ ನಿಕಾಯಕ್ಕೆ ಹೋಗಿ, ಅಲ್ಲಿಂದ ಅಕಾಡೆಮಿಕ್ ಕೌನ್ಸಿಲ್‌ಗೆ, ಅಂದ್ರೆ ಇಡೀ ಯೂನಿವರ್ಸಿಟಿಯ ಪಾಠದ ವಿಷಯ ನೋಡೋ ಪರಿಷತ್ತಿಗೆ. ಇದಕ್ಕೆ ಅಧ್ಯಕ್ಷರು ವಿಸಿನೇ. ಅಜೆಂಡಾ ದಪ್ಪ ಇರತ್ತೆ, ಒಂದೊಂದು ಸಿಲಬಸ್‌ಗೆ ಸಿಗೋದು ಕೆಲವೇ ನಿಮಿಷ, ಹಾಗಾಗಿ ಬಿಓಎಸ್ ಹೇಳಿದ್ದೇ ಹೆಚ್ಚುಕಮ್ಮಿ ಪಾಸ್.

ಸಿಲಬಸ್ ಬಿಟ್ಟು ದುಡ್ಡು, ನೇಮಕಾತಿ, ಆಡಳಿತ ಅಂದ್ರೆ ಸಿಂಡಿಕೇಟ್ ಅನ್ನೋ ಆಡಳಿತ ಮಂಡಳಿ. ಅಲ್ಲಿ ಸರ್ಕಾರದ ನಾಮನಿರ್ದೇಶಿತರೂ ಇರೋದ್ರಿಂದ ರಾಜಕೀಯದ ಗಾಳಿ ಜಾಸ್ತಿ. ಪರಿನಿಯಮ (ಸ್ಟ್ಯಾಚ್ಯೂಟ್, ಅಂದ್ರೆ ಕಾಯ್ದೆ ಕೆಳಗೆ ಯೂನಿವರ್ಸಿಟಿ ಮಾಡ್ಕೊಳ್ಳೋ ನಿಯಮ) ಮಾಡ್ಬೇಕಂದ್ರೆ ಕುಲಾಧಿಪತಿ ಅಂದ್ರೆ ರಾಜ್ಯಪಾಲರ ಒಪ್ಪಿಗೆನೂ ಬೇಕು.

ನಿಮ್ಗೆ ಸಿಲಬಸ್ ಬಗ್ಗೆ ತಕರಾರಿದ್ರೆ ವಿಸಿಗೆ ಬರೆಯೋ ಬದ್ಲು ಮೊದ್ಲು ಬಿಓಎಸ್ ಅಧ್ಯಕ್ಷರನ್ನ ಹಿಡೀರಿ.