ಪಿಆರ್ (ಪ್ರಚಾರದ ಕೆಲಸ) ಕ್ಲೈಂಟ್‌ಗೆ ಸೋಷಿಯಲ್ ಮೀಡಿಯಾ ಕಲಿಸಬೇಕು, ಯಾವ ಟೂಲ್‌ನಿಂದ ಶುರು ಮಾಡಲಿ?

ನಿಮ್ಮ ಕ್ಲೈಂಟ್ ವಾಟ್ಸಾಪ್ ಬಿಟ್ಟು ಬೇರೇನೂ ಗೊತ್ತಿಲ್ಲದ ಅಂಗಡಿ ಯಜಮಾನರು ಅಂದ್ರಲ್ಲ, ಅಂಥವರೊಬ್ಬರು ನನಗೂ ಸಿಕ್ಕಿದ್ದರು. ದಾವಣಗೆರೆ ಕಡೆಯ ಜವಳಿ ಅಂಗಡಿ, 2021. ಪೇಪರ್‌ನಲ್ಲಿ ಸುದ್ದಿ ಬರೋ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ, ಜೊತೆಗೆ ಫೇಸ್‌ಬುಕ್ಕೂ ನನ್ನ ತಲೆಗೇ ಬಂತು.

ಅಲ್ಲಿ ಲೆಕ್ಕ ಬರೆಯೋ ಹುಡುಗನನ್ನು ಕೂರಿಸಿಕೊಂಡು ಕ್ರಿಯೇಟರ್ ಸ್ಟುಡಿಯೋ ಅನ್ನೋ ಫೇಸ್‌ಬುಕ್ ಟೂಲ್ ಕಲಿಸಿದೆ. ತಿಂಗಳ ಪೋಸ್ಟ್‌ಗಳನ್ನೆಲ್ಲ ಒಂದೇ ದಿನ ಕೂತು ಹಾಕಿ, ತಾರೀಖು, ಗಂಟೆ ಕೊಟ್ಟರೆ ಆಯ್ತು, ತಾನೇ ಹೋಗುತ್ತೆ. ಹುಡುಗ ಎರಡೇ ಗಂಟೆಯಲ್ಲಿ ಕಲಿತ. ನನಗೋ ಹೆಮ್ಮೆ.

ಅಕ್ಟೋಬರ್ 29, ಶುಕ್ರವಾರ. ದೀಪಾವಳಿಗೆ ಇನ್ನು ಆರೇ ದಿನ. ನಾನು ಬಸ್ಸಲ್ಲಿ ಪುತ್ತೂರಿಗೆ ಹೊರಟಿದ್ದೆ. ಹಾಸನ ತಲುಪೋ ಹೊತ್ತಿಗೆ ಪುನೀತ್ ರಾಜ್‌ಕುಮಾರ್ ಹೋದರು ಅನ್ನೋ ಸುದ್ದಿ. ಬಸ್ಸಲ್ಲಿ ಯಾರಿಗೂ ಮಾತಿಲ್ಲ. ನಾನೂ ಫೋನ್ ಹಿಡಿದು ಅಳುತ್ತಾ ಕೂತಿದ್ದೆ, ಆಮೇಲೆ ಶಿರಾಡಿ ಘಾಟಿ ಬಂತು, ಸಿಗ್ನಲ್ ಹೋಯಿತು. ಸಂಜೆ ಐದಕ್ಕೆ ಸರಿಯಾಗಿ ಅಂಗಡಿಯ ಪೇಜಲ್ಲಿ ಪೋಸ್ಟ್ ಬಂತು: 'ಕುಣಿದು ಕುಪ್ಪಳಿಸಿ! ದೀಪಾವಳಿ ಧಮಾಕಾ!' ಜೊತೆಗೆ ನಗೋ ಮುಖಗಳ ಸಾಲು.

ನೆಲ್ಯಾಡಿ ಹತ್ತಿರ ಸಿಗ್ನಲ್ ಬಂದಾಗ 23 ಮಿಸ್ಡ್ ಕಾಲ್. ತಿರುಗಿ ಫೋನ್ ಮಾಡಿದರೆ ಯಜಮಾನರು: 'ಅಲ್ರೀ, ನಾನಿಲ್ಲಿ ಅಪ್ಪು ಫೋಟೋಗೆ ಹಾರ ಹಾಕಿ ಶಟರ್ ಎಳೆದಿದ್ದೀನಿ. ನನ್ನ ಹೆಸರಲ್ಲಿ ಕುಣೀರಿ ಅಂತ ಯಾರ್ರೀ ಹೇಳಿದ್ದು?' ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಊರಿನ ಗ್ರೂಪುಗಳನ್ನೆಲ್ಲ ಸುತ್ತಿತ್ತು.

ಗ್ರಹಚಾರ ಅಂತ ಸ್ನೇಹಿತರು ಸಮಾಧಾನ ಮಾಡಿದರು. ನಾನು ಒಪ್ಪಲ್ಲ. ಪೇಜ್ ಇದ್ದದ್ದು ನನ್ನ ಅಕೌಂಟಲ್ಲಿ. ಹುಡುಗನಿಗೆ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದೆ (ಹೌದು, ಅಷ್ಟು ದಡ್ಡ ನಾನು). ಪಾಪ, ಪೋಸ್ಟ್ ನೋಡಿದ ಕೂಡಲೇ ಅವನು ಮನೆಯಿಂದ ಲಾಗಿನ್ ಆಗೋಕೆ ನೋಡಿದ್ದಾನೆ. ಹೊಸ ಫೋನ್ ಅಂತ ಕೋಡ್ ಕೇಳಿದೆ. ಕೋಡ್ ಬರೋದು ನನ್ನ ಮೊಬೈಲಿಗೆ, ಮೊಬೈಲ್ ಘಾಟಿಯಲ್ಲಿ. ಬೇಕಾದಾಗ ಕೈಗೆ ಸಿಗಲಿ ಅಂತ ಬೀಗದ ಕೈ ನಾನೇ ಇಟ್ಟುಕೊಂಡಿದ್ದೆ, ಕ್ಲೈಂಟ್ ನನ್ನ ಬಿಟ್ಟು ಹೋಗಬಾರದು ಅನ್ನೋ ಆಸೆಯೂ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ. ಲಾಗಿನ್ ಆಗಿದ್ದರೂ ಅವನಿಗೆ ಅದನ್ನು ತೆಗೆಯೋಕೆ ಬರುತ್ತಿರಲಿಲ್ಲ. ಹಾಕೋದು ಕಲಿಸಿದ್ದೆ, ತೆಗೆಯೋದು ಕಲಿಸಿರಲಿಲ್ಲ. ಸಾಹುಕಾರ್ರು ಆ ತಿಂಗಳ ಬಿಲ್ ಪೂರ್ತಿ ಕೊಟ್ಟು, ಇನ್ನು ಬರೋದು ಬೇಡ ಅಂದರು.

ಹಾಗಾಗಿ ಯಾವ ಟೂಲ್ ಅನ್ನೋ ಪ್ರಶ್ನೆಯನ್ನೇ ಬಿಡಿ. ನಾನು ಕಲಿಸಿದ ಕ್ರಿಯೇಟರ್ ಸ್ಟುಡಿಯೋ ಈಗ ಇಲ್ಲ, ಆ ಕೆಲಸ ಫೇಸ್‌ಬುಕ್ ಕಂಪನಿಯದ್ದೇ ಆದ ಮೆಟಾ ಬಿಸಿನೆಸ್ ಸೂಟ್‌ಗೆ ಹೋಗಿದೆ, ನಾಳೆ ಅದರ ಹೆಸರೂ ಬದಲಾಗಬಹುದು. ಮೊದಲ ದಿನ ಪೇಜಿನ ಫುಲ್ ಕಂಟ್ರೋಲ್ ಅಂಗಡಿಯವರಲ್ಲೇ ಇಬ್ಬರಿಗೆ ಕೊಡಿ, ಅವರವರ ಅಕೌಂಟ್ ಮೂಲಕವೇ. ಸುಮ್ಮನೆ ಪ್ರಾಕ್ಟೀಸಿಗೆ ಒಂದು ಪೋಸ್ಟ್ ಶೆಡ್ಯೂಲ್ ಮಾಡಿ, ಅದನ್ನು ಯಜಮಾನರ ಕೈಯಲ್ಲೇ ಡಿಲೀಟ್ ಮಾಡಿಸಿ. ನೀವು ಬಾಯಿ ಬಿಡಬೇಡಿ, ಅವರೇ ತಡಕಾಡಲಿ.

ಇನ್ಸ್ಟಾಗ್ರಾಮ್, ರೀಲ್ಸ್ ಆಮೇಲೆ. ಅವರು ದಿನವಿಡೀ ಇರೋದೇ ವಾಟ್ಸಾಪಲ್ಲಿ ಅಲ್ವಾ? ವಾಟ್ಸಾಪ್ ಬಿಸಿನೆಸ್ ಹಾಕಿಸಿ, ಕ್ಯಾಟಲಾಗಿಗೆ ಹತ್ತು ಸೀರೆ ಫೋಟೋ ಹಾಕೋದು ತೋರಿಸಿ, ಸದ್ಯಕ್ಕೆ ಸಾಕು. ನಂಬರ್ ಮಾತ್ರ ಅಂಗಡಿಯದ್ದೇ ಇರಲಿ, ನಿಮ್ಮದು ಬೇಡ.